ಹವ್ಯಾಸಿ ತಂತ್ರಾಂಶ: ಉಚಿತವಾಗಿ ಕೊಡಬೇಕು, ಯಾರೂ ಮಾರಬಾರದು. ಯಾವ ಲೈಸೆನ್ಸ್?

ಪ್ರಶ್ನೆ:
ಕನ್ನಡ ಟೈಪಿಂಗ್ ಕಲಿಸುವ ಚಿಕ್ಕ ಪ್ರೋಗ್ರಾಂ ಇದೆ. ಒಳಗೆ ಗ್ನೂ ರೀಡ್‌ಲೈನ್ ಲೈಬ್ರರಿ (ಟೈಪ್ ಮಾಡಿದ ಸಾಲನ್ನು ತಿದ್ದಲು ನೆರವಾಗುವ ಸಿದ್ಧ ಕೋಡ್), ಒಂದು ಒಎಫ್‌ಎಲ್ (ಫಾಂಟ್‌ಗಳ ಮುಕ್ತ ಲೈಸೆನ್ಸ್) ಫಾಂಟ್ ಬಳಸಿದೆ. ಜಿಪಿಎಲ್ (ಮೂಲ ಕೋಡ್, ಅಂದರೆ ಸೋರ್ಸ್, ಜೊತೆಗೆ ಕೊಡಬೇಕೆನ್ನುವ ಮುಕ್ತ ಲೈಸೆನ್ಸ್) ಹಾಕಿ, ಕೆಳಗೆ ‘ಮಾರುವಂತಿಲ್ಲ’ ಎಂದು ಒಂದು ಸಾಲು ಸೇರಿಸಿದರೆ ಸಾಕೇ?

ಉತ್ತರ 1:
ಸಾಲದು. ಜಿಪಿಎಲ್ 3ರ 7ನೇ ಕಲಂ ಪ್ರಕಾರ ಇಂಥ ಹೆಚ್ಚುವರಿ ನಿರ್ಬಂಧವನ್ನು ಪಡೆದವರು ಕಿತ್ತುಹಾಕಬಹುದು. ವ್ಯಾಪಾರಕ್ಕೆ ನಿಜವಾಗಿ ತಡೆ ಬೇಕಿದ್ದರೆ ಪಾಲಿಫಾರ್ಮ್ ನಾನ್‌ಕಮರ್ಷಿಯಲ್ 1.0.0 ಎಂಬ ಲೈಸೆನ್ಸ್ ನೋಡಿ. ಸ್ವಂತ ಬಳಕೆ, ಶಾಲೆ, ಸರ್ಕಾರಿ ಸಂಸ್ಥೆ ಎಲ್ಲಕ್ಕೂ ಅದರಲ್ಲಿ ಅನುಮತಿ ಇದೆ. ಸಿಸಿ ಬೈ-ಎನ್‌ಸಿ (ಕ್ರಿಯೇಟಿವ್ ಕಾಮನ್ಸ್ ಸಂಸ್ಥೆಯ ವ್ಯಾಪಾರೇತರ ಲೈಸೆನ್ಸ್) ಬೇಡ. ತಂತ್ರಾಂಶಕ್ಕೆ ತಮ್ಮ ಲೈಸೆನ್ಸ್ ಬಳಸಬೇಡಿ ಎಂದು ಕ್ರಿಯೇಟಿವ್ ಕಾಮನ್ಸ್‌ನವರೇ ಹೇಳುತ್ತಾರೆ, ಸೋರ್ಸ್ ಕೋಡ್ ಬಗ್ಗೆ ಅದರಲ್ಲಿ ಮಾತೇ ಇಲ್ಲ.

ಉತ್ತರ 2:
ಮೇಲಿನವರು ರೀಡ್‌ಲೈನ್ ಮರೆತರು. ಅದು ಜಿಪಿಎಲ್ 3. ಅದನ್ನು ಲಿಂಕ್ ಮಾಡಿ (ಪ್ರೋಗ್ರಾಂಗೆ ಜೋಡಿಸಿ) ಹಂಚಿದರೆ ಇಡೀ ಪ್ರೋಗ್ರಾಂ ಜಿಪಿಎಲ್ ಆಗಲೇಬೇಕು, ಪಾಲಿಫಾರ್ಮ್ ನಡೆಯದು. ರೀಡ್‌ಲೈನ್ ಬಿಟ್ಟು, ಅದೇ ಕೆಲಸ ಮಾಡುವ ಬಿಎಸ್‌ಡಿ ಲೈಸೆನ್ಸಿನ (ಇಂಥ ಷರತ್ತಿಲ್ಲದ) ಲಿಬ್‌ಎಡಿಟ್‌ಗೆ ಬದಲಿಸಿ. ಫಾಂಟ್‌ಗೆ ಒಎಫ್‌ಎಲ್ ಹಾಗೇ ಉಳಿಯಬೇಕು, ಅದರ ಪಠ್ಯವನ್ನು ಬೇರೆ ಫೈಲಿನಲ್ಲಿ ಜೊತೆಗಿಡಿ. ಬೇರೆಯವರ ಪ್ಯಾಚ್ (ಕೋಡ್ ತಿದ್ದುಪಡಿ) ತೆಗೆದುಕೊಳ್ಳುವ ಮೊದಲೇ ಲೈಸೆನ್ಸ್ ಬದಲಿಸುವ ಹಕ್ಕಿಗೆ ಲಿಖಿತ ಒಪ್ಪಿಗೆ ಪಡೆಯಿರಿ. ಮೇಮ್ ಎಮ್ಯುಲೇಟರ್ (ಹಳೆಯ ಆರ್ಕೇಡ್ ಆಟಗಳನ್ನು ಕಂಪ್ಯೂಟರಿನಲ್ಲಿ ಆಡಿಸುವ ತಂತ್ರಾಂಶ) ಹೀಗೇ ಮಾರಾಟ ನಿಷೇಧಿಸಿತ್ತು. 2016ರಲ್ಲಿ ಜಿಪಿಎಲ್‌ಗೆ ಬರಲು ಹಳೆಯ ಕೊಡುಗೆದಾರರನ್ನೆಲ್ಲ ಹುಡುಕಿ ಕೇಳಬೇಕಾಯಿತು.

ಉತ್ತರ 3:
ಎನ್‌ಸಿ (ವ್ಯಾಪಾರ ನಿಷೇಧ) ಹಾಕಿದರೆ ಪ್ರೋಗ್ರಾಂ ಲಿನಕ್ಸ್ ಆವೃತ್ತಿಯಾದ ಡೆಬಿಯನ್‌ನ ಮುಖ್ಯ ವಿಭಾಗಕ್ಕೂ ಮುಕ್ತ ಆ್ಯಂಡ್ರಾಯ್ಡ್ ಆ್ಯಪ್‌ಗಳ ತಾಣ ಎಫ್-ಡ್ರಾಯ್ಡ್‌ಗೂ ಸೇರದು. ‘ಓಪನ್ ಸೋರ್ಸ್’ ಎಂದು ಕರೆಯಲೂ ಬರುವುದಿಲ್ಲ. ಜಿಪಿಎಲ್ ಇಟ್ಟರೆ ಮಾರಿದವನೂ ಸೋರ್ಸ್ ಕೊಡಲೇಬೇಕು. ಉಚಿತ ಪ್ರತಿ ಪಕ್ಕದಲ್ಲೇ ಇರುವಾಗ ಎಷ್ಟು ಜನ ಕೊಳ್ಳುತ್ತಾರೆ? ನನ್ನ ಮತ ಜಿಪಿಎಲ್‌ಗೇ.