ಈ ವಾರದ ಸಮಸ್ಯೆ: ಸತ್ತ ಮೇಲೆ ಮೊದಲ ಭೇಟಿ

ತೀರ್ಥಹಳ್ಳಿಯಲ್ಲಿ ಮಳೆ ಬಿಟ್ಟಿಲ್ಲ. ಕರೆಂಟು ಬಂದ ಗಳಿಗೆಯಲ್ಲಿ ಸಮಸ್ಯೆ ಹಾಕಿಬಿಡುತ್ತೇನೆ. ಪದ್ಯದ ಕೊನೆಯ ಸಾಲು ನಾನು ಕೊಡುವುದು, ಅದಕ್ಕೆ ಹೊಂದುವ ಮೊದಲ ಮೂರು ಸಾಲು ಗುಂಪಿನವರು ಕಟ್ಟುವುದು. ನಾಲ್ಕನೇ ಸಾಲು ಇದು:

ಸತ್ತಮೇಲವರಿಗಾಯಿತು ಮೊದಲ ಭೇಟಿ

ಬಿಡಿಸಿದರೆ ಸತ್ತಮೇ | ಲವರಿಗಾ | ಯಿತು ಮೊದಲ | ಭೇಟಿ. ಐದೈದು ಮಾತ್ರೆಯ ಮೂರು ಗಣ, ಕೊನೆಗೆ ಮೂರು ಮಾತ್ರೆ (ಲಘು ಅಕ್ಷರಕ್ಕೆ ಒಂದು ಮಾತ್ರೆ, ಗುರುವಿಗೆ ಎರಡು). ಬೇಕಾದರೆ ಒಂದನೇ, ಮೂರನೇ ಸಾಲಿನ ಕೊನೆಯ ಗಣವನ್ನೂ ಐದು ಮಾಡಿಕೊಳ್ಳಿ. ಎರಡನೇ ಅಕ್ಷರ 'ತ್ತ' ಪ್ರಾಸ ಮಾತ್ರ ಬಿಡುವಂತಿಲ್ಲ.

ವಸ್ತು 2014. ಆ ವರ್ಷ ಹೋದವರನ್ನು ನೋಡಿ. ಮಾರ್ಚ್ 22ಕ್ಕೆ ಕಥೆಗಾರ ಯಶವಂತ ಚಿತ್ತಾಲ. ಆಗಸ್ಟ್ 20, ಬುಧವಾರ, ಪುಣೆಯಲ್ಲಿ ಯೋಗಗುರು ಬಿ.ಕೆ.ಎಸ್. ಅಯ್ಯಂಗಾರ್. ಅದೇ ವಾರ ಶುಕ್ರವಾರ ನಮ್ಮ ಮೇಳಿಗೆಯ ಕಥೆಗಾರ ಯು.ಆರ್. ಅನಂತಮೂರ್ತಿ. ಸೆಪ್ಟೆಂಬರ್ 19ಕ್ಕೆ ಮ್ಯಾಂಡೊಲಿನ್ ಶ್ರೀನಿವಾಸ್, ಅವರಿಗಿನ್ನೂ 45. ನನ್ನದೇ ಮೊದಲು ಇಡುತ್ತೇನೆ, ಬೈಯಲು ಅನುಕೂಲವಾಗಲಿ:

ಎತ್ತಲೋ ಪುಣೆಯಲ್ಲಿ ಆಸನದ ಗುರುವೊಬ್ಬ
ಮತ್ತೆ ಮೇಳಿಗೆಯಿಂದ ಕಥೆಗಾರನೊಬ್ಬ
ಹೊತ್ತು ತಂದಿತು ಸುದ್ದಿ ಒಂದೆ ವಾರದ ಹಾಳೆ
ಸತ್ತಮೇಲವರಿಗಾಯಿತು ಮೊದಲ ಭೇಟಿ

ಕೊಪ್ಪದ ಭಾವ: ಛಂದಸ್ಸು ಸರಿ ಇದೆ. ಆದರೆ ಅವರಿಬ್ಬರೂ ಬದುಕಿದ್ದಾಗ ಭೇಟಿಯಾಗಲೇ ಇಲ್ಲ ಅಂತ ನಿಮಗೆ ಯಾರು ಹೇಳಿದರು? ಅಯ್ಯಂಗಾರ್ ಕೋಲಾರದ ಬೆಳ್ಳೂರಿನವರು, 95 ವರ್ಷ ಬಾಳಿದವರು, ಊರೂರು ಸುತ್ತಿದವರು. ಎಲ್ಲೋ ಒಂದು ಸಭೆಯಲ್ಲಿ ಎದುರಾಗಿದ್ದರೆ ನಿಮ್ಮ ಪದ್ಯ ಅಲ್ಲೇ ಬಿತ್ತು. ಮತ್ತೆ, 'ಹಾಳೆ' ಅಂದರೆ ನನಗೆ ಅಡಿಕೆ ಹಾಳೆಯೇ ಕಂಡಿತು.

ನಾನು: ಹಾಳೆಯ ಮಾತು ಒಪ್ಪಿದೆ, ಪೇಪರೂ ಒಂಥರಾ ಉದುರಿ ಬೀಳುವುದೇ. ಭೇಟಿಯ ಮಾತಿಗೆ ನನ್ನಲ್ಲಿ ಉತ್ತರ ಇಲ್ಲ ಭಾವ.

ಹೊಸನಗರದ ಮಾಣಿ: ನಾನು ಶ್ರೀನಿವಾಸರನ್ನು ಹಿಡಿದು ಎರಡು ರಾತ್ರಿ ಕೂತೆ. 'ಮತ್ತೆ ಮ್ಯಾಂಡೊಲಿನ್' ಅಂತ ಶುರು ಮಾಡಿದೆ. ಮುಂದೆ ಒತ್ತಕ್ಷರ ಬಂದು 'ತ್ತೆ' ಗುರುವಾಗಿ ಕೂತಿತು. ಐದಕ್ಕೆ ಆರು ಮಾತ್ರೆ! ಬಿಟ್ಟೆ.

ಕೊಪ್ಪದ ಭಾವ: ಹಾಗಾದರೆ ಚಿತ್ತಾಲರನ್ನು ಹಿಡಿ. ಹೆಸರಲ್ಲೇ ಪ್ರಾಸ ಇದೆ, ಸರಿಯಾಗಿ ಐದು ಮಾತ್ರೆ. ಇಂಥ ಅದೃಷ್ಟ ಪದೇ ಪದೇ ಸಿಗುವುದಿಲ್ಲ.

ಸಾಗರದ ಅಕ್ಕ: ಚಿತ್ತಾಲರೂ ಅನಂತಮೂರ್ತಿಯವರೂ ಒಂದೇ ಕಾಲದ ಕಥೆಗಾರರು. ಒಬ್ಬರು ಹನೇಹಳ್ಳಿಯಿಂದ ಮುಂಬೈಗೆ ಹೋದರು, ಇನ್ನೊಬ್ಬರು ಮೇಳಿಗೆಯಿಂದ ಮೈಸೂರಿಗೆ. ಅಷ್ಟಕ್ಕೇ ಪರಿಚಯ ಇಲ್ಲದೆ ಇರುತ್ತದಾ? ಅವರಿಗೆ 'ಮೊದಲ ಭೇಟಿ' ಹೇಗಪ್ಪಾ?

(ಇಲ್ಲಿ ಒಂದು ದಿನ ಯಾರೂ ಏನೂ ಬರೆಯಲಿಲ್ಲ. ಮಾಣಿಯ ಕಡೆ ಮರ ಬಿದ್ದು ಲೈನು ಹೋಗಿತ್ತಂತೆ.)

ಹೊಸನಗರದ ಮಾಣಿ: 2014ರಲ್ಲಿ ನಾನು ಏಳನೇ ಕ್ಲಾಸು. ಅನಂತಮೂರ್ತಿ ಯಾರು ಅಂತಲೇ ಗೊತ್ತಿರಲಿಲ್ಲ. ನಿನ್ನೆ ಕರೆಂಟಿಲ್ಲದೆ ಅಜ್ಜನ ಕಪಾಟು ತಡಕುವಾಗ ಇದು ಹೊಳೆಯಿತು:

ಚಿತ್ತಾಲರೊಂದು ಬದಿ, ಮೇಷ್ಟರೋ ಮತ್ತೊಂದು
ಕತ್ತಲಲಿ ತಡಕಿದೆನು ಎರಡು ಹೊತ್ತಗೆಯ
ಹೊತ್ತು ಮೀರಿತು, ಇರಲಿ, ನನ್ನಂಥ ಓದುಗನ
ಸತ್ತಮೇಲವರಿಗಾಯಿತು ಮೊದಲ ಭೇಟಿ

ಕೊಪ್ಪದ ಭಾವ: ಆಹಾ! 'ಓದುಗನ' ಅಂತ ಮೂರನೇ ಸಾಲಲ್ಲಿ ನೇತುಹಾಕಿ ನಾಲ್ಕಕ್ಕೆ ಕೊಂಡಿ ಹಾಕಿದ್ದೀಯಲ್ಲ, ಅಲ್ಲಿ ಇದೆ ಕೆಲಸ. ಯಾರು ಯಾರನ್ನು ನೋಡಿದ್ದರು ಅನ್ನುವ ತಕರಾರೇ ಹೋಯಿತು.

ನಾನು: ನನ್ನ ಪದ್ಯ ಹಿಂದಕ್ಕೆ ತಗೊಂಡೆ. ಸಮಸ್ಯೆ ಕೊಟ್ಟವನಿಗೇ ಈ ಅರ್ಥ ಹೊಳೆದಿರಲಿಲ್ಲ. 'ಮೇಷ್ಟರೋ' ಅನ್ನುವ ಎಳೆತ ಸ್ವಲ್ಪ ಜಾಸ್ತಿ ಆಯಿತೇನೋ, ಆದರೂ ಇಂಗ್ಲಿಷ್ ಮೇಷ್ಟ್ರಾಗಿದ್ದವರನ್ನು ಹಾಗೆ ಕರೆದದ್ದು ಹಿಡಿಸಿತು.

ಸಾಗರದ ಅಕ್ಕ: ನೀವೆಲ್ಲ ದೊಡ್ಡವರ ಸಾವು ಬರೆಯಿರಿ. ನಮ್ಮನೆಯಲ್ಲೂ ಇವತ್ತು ಇಬ್ಬರು ಹೋದರು:

ಹಿತ್ತಲಲಿ ಹಲಸಿತ್ತು, ಕಾನಿನಲಿ ಕಳಲೆ
ಕತ್ತಿಯೇಟಿಗೆ ಸಿಕ್ಕಿ ಎರಡಕೂ ಮರಣ
ಮೆತ್ತಗಾಗುತ ಬೆಂದು ಹುಳಿಯ ಪಾತ್ರೆಯಲಿ
ಸತ್ತಮೇಲವರಿಗಾಯಿತು ಮೊದಲ ಭೇಟಿ

ಹೊಸನಗರದ ಮಾಣಿ: ಅಕ್ಕಾ, ಹಲಸಿನ ಬೀಜ, ಬಿದಿರಿನ ಮೊಳಕೆ ಕಳಲೆಗೆ 'ಅವರಿಗೆ' ಅಂತ ಬಹುವಚನ ಯಾಕೆ?

ಸಾಗರದ ಅಕ್ಕ: ಊಟಕ್ಕೆ ಬಾ, ಮರ್ಯಾದೆ ಯಾಕೆ ಅಂತ ಗೊತ್ತಾಗುತ್ತದೆ.

ಕೊಪ್ಪದ ಭಾವ: ಪದ್ಯ ಇರಲಿ. ಕಳಲೆ ಮೂರು ದಿನ ನೀರಲ್ಲಿ ಹಾಕಿ, ದಿನಾ ನೀರು ಬದಲಿಸಿದ್ದೀರಿ ತಾನೆ?