ಪದ ಬೇಕು, ತುರ್ತು: ಹಳೆ ಮತ್ತು ಹೊಸ ಬೈನಾಕ್ಯುಲರ್ ಹೋಲಿಕೆಗೆ

ಸ್ನೇಹಿತರೇ,

ಹಕ್ಕಿ ನೋಡುವವರಿಗಾಗಿ ಎರಡು ಪುಟದ ಕರಪತ್ರ ಮಾಡುತ್ತಿದ್ದೇನೆ. ನಾಳೆ ಮಧ್ಯಾಹ್ನ ಅಚ್ಚಿಗೆ ಹೋಗಬೇಕು. ಹಳೆಯ ಉತ್ತಮ ದರ್ಜೆಯ ಬೈನಾಕ್ಯುಲರ್ ಸಿಕ್ಕರೆ ಕೊಳ್ಳಬಹುದಾ, ಇಲ್ಲ ಹೊಸದಕ್ಕೇ ದುಡ್ಡು ಹಾಕಬೇಕಾ ಅನ್ನುವುದು ವಿಷಯ. ಉದಾಹರಣೆಗೆ ಜೈಸ್ ಕಂಪನಿಯ ಹಳೆಯ 7×42 ಡಯಾಲಿಟ್ ಮತ್ತು 2020ರಲ್ಲಿ ಬಂದ ಸ್ವರೋವ್ಸ್ಕಿ ಎನ್‌ಎಲ್ ಪ್ಯೂರ್ 8×42 ತೆಗೆದುಕೊಂಡಿದ್ದೇನೆ.

ಮೂರು ಪದಗಳಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಎಕ್ಸಿಟ್ ಪ್ಯೂಪಿಲ್‌ಗೆ ‘ನಿರ್ಗಮನ ಕನೀನಿಕೆ’ ಅಂತ ಬರೆದೆ. ಓದಿದ ಯಾರಿಗೂ ಅರ್ಥವಾಗಲಿಲ್ಲ. ಫ್ಲಾಟ್ ಫೀಲ್ಡ್‌ಗೆ ‘ಸಮತಲ ಕ್ಷೇತ್ರ’ ಅಂದರೆ ಹೊಲ ಮಟ್ಟ ಮಾಡಿದ ಹಾಗೆ ಕೇಳತ್ತೆ. ಇನ್ನು ರೋಲಿಂಗ್ ಬಾಲ್. ಇದನ್ನು ಸದ್ಯಕ್ಕೆ ‘ವಕ್ರತೆ ಇಲ್ಲದ್ದರಿಂದ ಆಗುವ ತೊಂದರೆ’ ಅಂತ ಫ್ಲಾಟ್ ಫೀಲ್ಡ್ ಜೊತೆಗೇ ಸೇರಿಸಿದ್ದೇನೆ. ದಯವಿಟ್ಟು ಬೇಗ ಹೇಳಿ.

———

> ಬೈನಾಕ್ಯುಲರ್

ಮೊದಲು ಇದನ್ನು ತೆಗೆಯಿರಿ. ಇರ್ ಮತ್ತು ಕಣ್ ಸೇರಿದರೆ ಇಕ್ಕಣ್. ಇಕ್ಕೆಲ, ಇಮ್ಮಡಿ, ಮುಕ್ಕಣ್ಣ ಇರುವ ನುಡಿಗೆ ‘ಇಕ್ಕಣ್ಣುಗ’ ತೊಡಕೇ? ‘ದ್ವಿನೇತ್ರಿ’ ಅಂತ ಯಾರಾದರೂ ಬರುತ್ತಾರೆ, ಅದೂ ಬೇಡ. ಹೆಸರೇ ನಮ್ಮದಲ್ಲದ ಮೇಲೆ ಒಳಗಿನ ಮಾತು ಹುಡುಕಿ ಏನು ಬಂತು?

———

ಇಕ್ಕಣ್ಣುಗ ಯಾರ ಬಾಯಲ್ಲೂ ಇಲ್ಲ. ದುರ್ಬೀನು ಇದೆ, ಎಷ್ಟೋ ಕಾಲದಿಂದ ಇದೆ. ಫಾರಸಿಯಲ್ಲಿ ದೂರ್ ಅಂದರೆ ದೂರ, ಬೀನ್ ಅಂದರೆ ನೋಡುವಂಥದ್ದು. ಆ ದೂರ್‌ಗೂ ಸಂಸ್ಕೃತದ ದೂರಕ್ಕೂ ಬೇರು ಒಂದೇ. ಇದನ್ನು ಹೊರಗಿನದು ಅನ್ನುವವರು ಅರಬಿಯಿಂದ ಬಂದ ಕುರ್ಚಿಯಿಂದಲೂ ಎದ್ದು ನಿಲ್ಲಲಿ. ದುರ್ಬೀನು ಅಂತ ಹಾಕಿ, ಮುಗೀತು.

———

ಕೇಳಿದ್ದು ಮೂರು ಪದ. ಬಂದ ಎರಡು ಉತ್ತರಗಳಲ್ಲಿ ಒಂದರ ಸುದ್ದಿಯೂ ಇಲ್ಲ.

ದುರ್ಬೀನು ನನಗೂ ಇಷ್ಟದ ಪದ. ಆದರೆ ಒಂಟಿ ಕೊಳವೆಯ ಟೆಲಿಸ್ಕೋಪಿಗೂ ಜನ ಅದನ್ನೇ ಹೇಳುತ್ತಾರೆ. ಕೆರೆಗೆ ಹೋಗುವವರ ಹತ್ತಿರ ಎಷ್ಟೋ ಸಲ ಎರಡೂ ಇರುತ್ತವೆ. ಈ ಕರಪತ್ರಕ್ಕೆ ಬೈನಾಕ್ಯುಲರ್ ಸಾಕು.

ಎಕ್ಸಿಟ್ ಪ್ಯೂಪಿಲ್ ಏನು ಅಂತ ಮೊದಲು ಕಣ್ಣಾರೆ ನೋಡಿ, ಆಮೇಲೆ ಹೆಸರಿಡಿ. ಬೈನಾಕ್ಯುಲರನ್ನು ಕೈ ಚಾಚಿ ಹಿಡಿಯಿರಿ. ಬೆಳಕಿರುವ ಆಕಾಶದ ಕಡೆ ತಿರುಗಿಸಿ, ಸೂರ್ಯನ ಕಡೆಗಲ್ಲ. ಕಣ್ಣಿಡುವ ಗಾಜಿನಲ್ಲಿ, ಕತ್ತಲ ನಡುವೆ ಬೆಳ್ಳನೆಯ ಒಂದು ಬಿಲ್ಲೆ ತೇಲುತ್ತಿರುತ್ತದೆ. ಅದೇ ಅದು. ಮುಂದಿನ ಗಾಜಿನ ಅಗಲವನ್ನು ಎಷ್ಟು ಪಟ್ಟು ಹತ್ತಿರ ತರುತ್ತದೋ ಅದರಿಂದ ಭಾಗಿಸಿದರೆ ಬಿಲ್ಲೆಯ ಅಗಲ ಸಿಗುತ್ತದೆ. 7×42ರಲ್ಲಿ 7 ಅಂದರೆ ಏಳು ಪಟ್ಟು, 42 ಅಂದರೆ ಮುಂದಿನ ಗಾಜಿನ ಅಗಲ ಮಿ.ಮೀ.ನಲ್ಲಿ. ಹಾಗಾಗಿ ನಿಮ್ಮ ಹಳೆಯದಕ್ಕೆ 6 ಮಿ.ಮೀ., ಹೊಸದಕ್ಕೆ 5.25 ಮಿ.ಮೀ. ನಸುಕಿನಲ್ಲಿ ನಮ್ಮ ಕಣ್ಣಿನ ಪಾಪೆ ಅರಳಿದಾಗ ಈ ವ್ಯತ್ಯಾಸ ಲೆಕ್ಕಕ್ಕೆ ಬರುತ್ತದೆ. ವಯಸ್ಸಾದವರ ಪಾಪೆ ಅಷ್ಟು ಅರಳುವುದಿಲ್ಲ. ಅವರಿಗೆ ಬೆಳಕಿನ ಲಾಭ ಕಡಿಮೆ, ಕಣ್ಣಿಡುವುದು ಮಾತ್ರ ಸಲೀಸು.

ಈ ಬಿಲ್ಲೆಗೆ ‘ಬೆಳಕಿನ ಪಾಪೆ’ ಅನ್ನಿ. ಕನ್ನಡದ ಪಾಪೆಗೆ ಗೊಂಬೆ ಅನ್ನುವ ಅರ್ಥವೂ ಉಂಟು. ಲ್ಯಾಟಿನ್ನಿನ ಪ್ಯೂಪಿಲ್ಲಾ ಕೂಡ ಪುಟ್ಟ ಗೊಂಬೆಯೇ. ಕನೀನಿಕೆಯ ಬೇರಿನಲ್ಲೂ ಪುಟ್ಟ ಹುಡುಗಿಯೇ ಇದ್ದಾಳೆ. ಎದುರಿನವರ ಕಣ್ಣಲ್ಲಿ ನಮ್ಮ ಚಿಕ್ಕ ರೂಪ ಕಂಡು ಮೂರೂ ಕಡೆಯವರು ಒಂದೇ ಥರ ಹೆಸರಿಟ್ಟಿದ್ದಾರೆ. ಹಾಗಿರುವಾಗ ಎಲ್ಲರಿಗೂ ಗೊತ್ತಿರುವ ಪಾಪೆಯನ್ನು ಬಿಟ್ಟು ಯಾರಿಗೂ ಗೊತ್ತಿಲ್ಲದ ಕನೀನಿಕೆ ಯಾಕೆ?

ಉಳಿದ ಎರಡನ್ನು ದಯವಿಟ್ಟು ಒಂದರಡಿ ಸೇರಿಸಬೇಡಿ. ಓದುಗರು ದಾರಿ ತಪ್ಪುತ್ತಾರೆ. ನಡುವೆ ಹಕ್ಕಿ ಚೊಕ್ಕವಾಗಿ ಕಂಡು ಅಂಚಿಗೆ ಹೋದರೆ ಮಂಜಾಗುವುದು ಒಂದು. ಹಳೆಯ ಡಯಾಲಿಟ್‌ನಲ್ಲಿ ಇದು ಇದೆ. ಸಾವಿರ ಮೀಟರ್ ದೂರದಲ್ಲಿ ಅದು 150 ಮೀಟರ್ ಅಗಲ ತೋರಿಸುತ್ತದೆ, ಆದರೆ ಅಂಚು ಮೆತ್ತಗೆ. ಎನ್‌ಎಲ್ ತೋರಿಸುವುದು 159 ಮೀಟರ್. ಕಣ್ಣಿನ ಕಡೆ ಹೆಚ್ಚುವರಿ ಗಾಜು ಹಾಕಿ ಅಂಚನ್ನೂ ತಿದ್ದಿದ್ದಾರೆ. ಫ್ಲಾಟ್ ಫೀಲ್ಡ್ ಅಂದರೆ ಇಷ್ಟೇ. ‘ಅಂಚಿನವರೆಗೂ ಚೊಕ್ಕ ನೋಟ’ ಅಂದರೆ ಸಾಕು, ಒಂದೇ ಪದದಲ್ಲಿ ಹೇಳಬೇಕೆಂಬ ಹಟ ಬೇಡ.

ನೆಟ್ಟಗಿನ ಕಂಬ ಅಂಚಿನಲ್ಲಿ ಒಳಕ್ಕೆ ಬಾಗಿ ಕಾಣುವುದು ಇನ್ನೊಂದು. ಆ ಬಾಗನ್ನು ತಯಾರಕರು ಬೇಕಂತಲೇ ಸ್ವಲ್ಪ ಉಳಿಸುತ್ತಾರೆ. ತೀರಾ ಕಡಿಮೆ ಮಾಡಿದರೆ ಏನಾಗುತ್ತದೆ? ಚಳಿಗಾಲದಲ್ಲಿ ಗದಗದ ಮಾಗಡಿ ಕೆರೆಯ ಮೇಲೆ ಪಟ್ಟೆತಲೆ ಹೆಬ್ಬಾತುಗಳ ಸಾಲನ್ನು ಈ ತುದಿಯಿಂದ ಆ ತುದಿಗೆ ನೋಡುತ್ತಾ ಹೋಗಿ. ನೀರು, ಹಕ್ಕಿ, ದಡ ಎಲ್ಲ ದೊಡ್ಡ ಚೆಂಡಿನ ಮೈಗೆ ಅಂಟಿಕೊಂಡು ಉರುಳಿದ ಹಾಗೆ ಆಗುತ್ತದೆ. ಕೆಲವರಿಗೆ ತಲೆ ಸುತ್ತುತ್ತದೆ, ಕೆಲವರಿಗೆ ಏನೂ ಆಗುವುದಿಲ್ಲ. 2010ರಲ್ಲಿ ಸ್ವರೋವ್ಸ್ಕಿಯವರ ಇಎಲ್ ಸ್ವರೋವಿಷನ್ ಬಂದಾಗ ಈ ದೂರು ಜೋರಾಗಿಯೇ ಕೇಳಿಬಂತು. ಇದಕ್ಕೆ ‘ಉರುಳುನೋಟ’ ಸರಿಹೋಗುತ್ತದೆ. ಆಗುವುದನ್ನೇ ಹೇಳುತ್ತದೆ.

ಇನ್ನೊಂದು ಮಾತು. ನೀವು ಬರೀ ‘ಹಳೆಯ’ ಅಂದರೆ ಸಾಲದು, ವರ್ಷ ಬೇಕು. ಇಂಥ ನೇರ ಕೊಳವೆಯ ಮಾದರಿಗಳ ಪ್ರಿಸಂಗೆ ಜೈಸ್‌ನವರು ಫೇಸ್ (phase) ಲೇಪನ, ಅಂದರೆ ಒಳಗೆ ಬೆಳಕಿನ ಅಲೆಗಳು ಒಂದಕ್ಕೊಂದು ತಪ್ಪದಂತೆ ಕಾಯುವ ತೆಳು ಪದರ, ತಂದದ್ದು 1988ರಲ್ಲಿ. ಅದಕ್ಕಿಂತ ಮುಂಚಿನ ಡಯಾಲಿಟ್‌ಗೂ ಆಮೇಲಿನದಕ್ಕೂ ಗರಿಯ ಸಣ್ಣ ಗೆರೆಗಳು ಬಿಡಿಬಿಡಿಯಾಗಿ ಕಾಣುವುದರಲ್ಲಿ ವ್ಯತ್ಯಾಸ ಇದೆ. ಬೈನಾಕ್ಯುಲರಿನ ಮೈಮೇಲೆ ಟಿ ಅಕ್ಷರದ ಜೊತೆ ಈ ಲೇಪನದ ಗುರುತಾದ ಪಿ ಇದೆಯಾ ನೋಡಿ ಕೊಳ್ಳಿ ಅಂತ ಹಾಕಿ. ಪಿ ಇದ್ದು ಗಾಜು ಚೆನ್ನಾಗಿದ್ದರೆ ಹಳೆಯದನ್ನು ಧೈರ್ಯವಾಗಿ ತೆಗೆದುಕೊಳ್ಳಬಹುದು.

———

> ಫೇಸ್ ಲೇಪನ

ಅರ್ಧ ಇಂಗ್ಲಿಷು, ಅರ್ಧ ಸಂಸ್ಕೃತ. ಹೀಗೇ ಒಂದೊಂದಾಗಿ ಬಿಟ್ಟುಕೊಡಿ.

———

ಬಳಿದದ್ದು ಗಾಜಿನ ಮೇಲೆ. ಹೆಸರು ಯಾವ ಭಾಷೆಯದಾದರೂ ಹಕ್ಕಿ ಅಷ್ಟೇ ಚೆನ್ನಾಗಿ ಕಾಣುತ್ತದೆ. ಓದುವವರಿಗೆ ತಿಳಿಯಬೇಕು, ಅಷ್ಟೇ.

———

ಎಲ್ಲರಿಗೂ ವಂದನೆ. ಬೆಳಕಿನ ಪಾಪೆ, ಉರುಳುನೋಟ, ಅಂಚಿನವರೆಗೂ ಚೊಕ್ಕ ನೋಟ, ಮೂರನ್ನೂ ಹಾಕಿದ್ದೇನೆ. ಅಂಚು ಮಂಜಾಗುವುದನ್ನೂ ಗೆರೆ ಬಾಗುವುದನ್ನೂ ಬೇರೆ ಬೇರೆ ಪ್ಯಾರಾ ಮಾಡಿದೆ. ಪಿ ಅಕ್ಷರದ ಮಾತು ಮೊದಲ ಪುಟದಲ್ಲೇ ಇದೆ. ಶೀರ್ಷಿಕೆಯಲ್ಲಿ ಬೈನಾಕ್ಯುಲರ್ ಹಾಗೇ ಉಳಿಯಿತು.