ಜಮೀನಿಗೆ ನುಗ್ಗುವ ಸ್ನೋಮೊಬೈಲುಗಳು: ಮೇನ್ ರಾಜ್ಯದಲ್ಲಿ ನಮಗಾದ ಅನುಭವ

ಪ್ರಶ್ನೆ: ಅಮೆರಿಕದ ಮೇನ್ ರಾಜ್ಯದಲ್ಲಿ ನಾವು ಕೊಂಡಿರುವ 60 ಎಕರೆಯಲ್ಲಿ ಕ್ರಿಸ್‌ಮಸ್ ಮರಕ್ಕೆಂದು ಫರ್ ಸಸಿಗಳನ್ನು ನೆಟ್ಟು ಎರಡು ವರ್ಷವಾಯಿತು. ಹಿಮ ಬಿದ್ದೊಡನೆ ಸ್ನೋಮೊಬೈಲುಗಳು, ಅಂದರೆ ಹಿಮದ ಮೇಲೆ ಓಡುವ ಮೋಟಾರು ಗಾಡಿಗಳು, ಅವುಗಳ ಮೇಲೆಯೇ ಓಡಾಡುತ್ತಿವೆ. ಅಡ್ಡಲಾಗಿ ತಂತಿ ಕಟ್ಟಿಬಿಡಿ ಎಂದು ಪರಿಚಿತರೊಬ್ಬರು ಹೇಳುತ್ತಾರೆ. ತಾವೆಲ್ಲ ಇದನ್ನು ಹೇಗೆ ನಿಭಾಯಿಸಿದಿರಿ?

ಮೊದಲ ಉತ್ತರ: ದಯವಿಟ್ಟು ತಂತಿಯನ್ನು ಮಾತ್ರ ಕಟ್ಟಬೇಡಿ. ಸಂಜೆಯ ಮಬ್ಬಿನಲ್ಲಿ ವೇಗವಾಗಿ ಬರುವವನ ಕಣ್ಣಿಗೆ ಅದು ಬೀಳುವುದಿಲ್ಲ, ಕೊರಳಿಗೆ ಬೀಳುತ್ತದೆ. ವಿಹಾರಕ್ಕೆಂದು ಜಮೀನಿಗೆ ಬಂದವರು ಗಾಯಗೊಂಡರೆ ಮಾಲೀಕರನ್ನು ಹೊಣೆಯಿಂದ ಕಾಪಾಡುವ ಕಾನೂನು ಇಲ್ಲಿದೆಯಾದರೂ, ಅಪಾಯವಿದೆಯೆಂದು ತಿಳಿದೂ ಬೇಕೆಂದೇ ಎಚ್ಚರಿಸದವರಿಗೆ ಆ ರಕ್ಷಣೆ ದೊರೆಯುವುದಿಲ್ಲ. ನಾನು ಗಡಿಯ ಮರಗಳಿಗೆ ನೇರಳೆ ಬಣ್ಣದ ಪಟ್ಟಿ ಬಳಿದೆ. ಮೇನ್‌ನಲ್ಲಿ ಅದರ ಅರ್ಥ ಅನುಮತಿಯಿಲ್ಲದೆ ಪ್ರವೇಶವಿಲ್ಲ ಎಂದು. ಪಟ್ಟಿ ಕನಿಷ್ಠ 1 ಅಂಗುಲ ಅಗಲ, 8 ಅಂಗುಲ ಉದ್ದವಿದ್ದು, ನೆಲದಿಂದ 3ರಿಂದ 5 ಅಡಿ ಎತ್ತರದಲ್ಲಿ, 100 ಅಡಿಗೊಂದರಂತಾದರೂ ಇರಬೇಕು. ಮೊದಲ ವರ್ಷ ಬೇಸಿಗೆಯಲ್ಲಿ, ಕೈಗೆ ಅನುಕೂಲವೆಂದು 3 ಅಡಿಗೇ ಬಳಿದಿದ್ದೆ. ಫೆಬ್ರುವರಿಯ ಹೊತ್ತಿಗೆ ನನ್ನ ಪಟ್ಟಿಗಳೆಲ್ಲ ಹಿಮದಡಿ ಮಲಗಿದ್ದವು. ತಾವು 5 ಅಡಿಯ ಹತ್ತಿರಕ್ಕೇ ಬಳಿಯಿರಿ.

ಎರಡನೆಯ ಉತ್ತರ: ಬಣ್ಣ ಸರಿಯೇ, ಆದರೆ ನಮಗೆ ಹೆಚ್ಚು ಒದಗಿಬಂದದ್ದು ಊರಿನ ಸ್ನೋಮೊಬೈಲ್ ಕ್ಲಬ್. ಈ ರಾಜ್ಯದ ಸುಮಾರು 14,000 ಮೈಲಿ ಜಾಡುಗಳಲ್ಲಿ ಬಹುಪಾಲು ಖಾಸಗಿ ಜಮೀನಿನ ಮೇಲೆಯೇ ಹಾದುಹೋಗುವುದರಿಂದ, ಒಬ್ಬ ಮಾಲೀಕ ಮುನಿಸಿಕೊಂಡರೆ ಇಡೀ ಜಾಡು ತುಂಡಾಗುತ್ತದೆಂಬ ಭಯ ಕ್ಲಬ್ಬಿನವರಿಗೆ ಸದಾ ಇರುತ್ತದೆ. ಮೇಪಲ್ ರಸ ಇಳಿಸಲು ನಾವು ಮರದಿಂದ ಮರಕ್ಕೆ ಎದೆಮಟ್ಟದಲ್ಲಿ ಕಟ್ಟಿದ್ದ ಪ್ಲಾಸ್ಟಿಕ್ ಕೊಳವೆಗಳನ್ನು ಯಾರೋ ಒಬ್ಬ ಸವಾರ ಒಂದೇ ರಾತ್ರಿ ನಾಲ್ಕು ಕಡೆ ಹರಿದುಹಾಕಿದ್ದ. ಊರಿನಲ್ಲಿ ಬಾಂದುಕಲ್ಲು ಕಿತ್ತವರೊಡನೆ ಅಪ್ಪ ಮೂರು ವರ್ಷ ಕೋರ್ಟಿಗೆ ಅಲೆದದ್ದನ್ನು ಕಂಡವನಾದ್ದರಿಂದ, ಜಗಳಕ್ಕೆ ಹೋಗದೆ ಹರಿದ ಕೊಳವೆಯ ತುಂಡನ್ನೇ ಹಿಡಿದು ಕ್ಲಬ್ಬಿನ ಅಧ್ಯಕ್ಷರ ಮನೆಗೆ ಹೋದೆ. ಅವರು ಆ ಶನಿವಾರವೇ ಇಬ್ಬರನ್ನು ಕರೆತಂದು, ನಾನು ಒಪ್ಪಿದ ಪೂರ್ವದ ಅಂಚಿನ ಉದ್ದಕ್ಕೂ ಗೂಟ ನೆಟ್ಟು, ಬಾಣದ ಗುರುತಿನ ಫಲಕ ಹಾಕಿದರು. ಮರುವರ್ಷ ಒಳಗೆ ಬಂದದ್ದು ಒಂದೇ ಒಂದು ಗಾಡಿ.

ಮೂರನೆಯ ಉತ್ತರ: ಆ ಒಂದು ಗಾಡಿಗಾಗಿಯೇ ವಾರ್ಡನ್, ಅಂದರೆ ರಾಜ್ಯದ ವನ್ಯಜೀವಿ ಇಲಾಖೆಯ ಕಾನೂನುಪಾಲನಾ ಅಧಿಕಾರಿ, ಇದ್ದಾರೆ. ಸವಾರನನ್ನು ಅಡ್ಡಗಟ್ಟದೆ, ಗಾಡಿಯ ಪಕ್ಕದಲ್ಲಿರುವ ನೋಂದಣಿ ಸಂಖ್ಯೆ, ಹೊತ್ತು ಮತ್ತು ಜಾಡಿನ ಚಿತ್ರ ಇಷ್ಟನ್ನು ಅವರಿಗೆ ಕೊಡಿ. ಇನ್ನೊಂದು ಮಾತು: ಹಿಮದಲ್ಲಿ ಹೂತ ಸಸಿಗಳು ಸವಾರನಿಗೆ ಕಾಣುವುದೇ ಇಲ್ಲ, ಅವನ ಪಾಲಿಗೆ ಅದು ಬಯಲು. ಸಾಲಿನ ಎರಡೂ ತುದಿಗೆ ಆಳೆತ್ತರದ ಕೋಲು ನೆಟ್ಟು ಕಿತ್ತಳೆ ಬಟ್ಟೆ ಕಟ್ಟಿ. ತುದಿ ಮುರಿದ ಫರ್ ಆಮೇಲೆ ಎರಡು ತುದಿಗಳನ್ನು ಬೆಳೆಸಿಕೊಳ್ಳುತ್ತದೆ. ಅಂಥದ್ದನ್ನು ಕ್ರಿಸ್‌ಮಸ್ಸಿಗೆ ಕೊಳ್ಳುವವರು ಕಡಿಮೆ.